ಅವತಾರ, ಅವತೀರ್ಣ: ಇಳಿದು ಬಂದದ್ದು ಯಾರು?

ರಂಜಾನ್ ಬಂತೆಂದರೆ ಕನ್ನಡ ಬರಹಗಳಲ್ಲಿ ಒಂದು ಮಾತು ಕಣ್ಣಿಗೆ ಬೀಳುತ್ತದೆ: "ಕುರ್‌ಆನ್ ಅವತೀರ್ಣಗೊಂಡ ತಿಂಗಳು." ಓದಿ ಸುಮ್ನೆ ಮುಂದೆ ಹೋಗುತ್ತೇವೆ. ಆದರೆ 'ಅವತೀರ್ಣ'ವೂ 'ಅವತಾರ'ವೂ ಒಂದೇ ಬೇರಿನ ಪದಗಳು. ಎರಡರಲ್ಲೂ ಇರುವುದು ಇಳಿದು ಬರುವ ಅರ್ಥ. ಅರಬಿಯ 'ತನ್‌ಝೀಲ್' ಕೂಡ ಅದನ್ನೇ ಹೇಳುತ್ತದೆ. ಒಂದು ಕಡೆ ಇಳಿದದ್ದು ದೇವರೇ. ಇನ್ನೊಂದು ಕಡೆ ಇಳಿದದ್ದು ದೇವರ ಮಾತು ಮಾತ್ರ. ಹೇಳಿದವನು ಮೇಲೆಯೇ ಉಳಿದ.

ಗೀತೆಯಲ್ಲಿ 'ಅವತಾರ' ಅನ್ನುವ ಪದ ಇಲ್ಲ ಅಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ನಾಲ್ಕನೇ ಅಧ್ಯಾಯದಲ್ಲಿ ಕೃಷ್ಣ ಹೇಳುವುದು "ಸಂಭವಾಮಿ ಯುಗೇ ಯುಗೇ" ಎಂದು. ಅದಕ್ಕೆ ಎರಡು ಶ್ಲೋಕ ಮುಂಚೆ ತಾನು 'ಅಜ', ಅಂದರೆ ಹುಟ್ಟಿಲ್ಲದವನು ಅಂತಲೂ ಹೇಳಿರುತ್ತಾನೆ. ಹುಟ್ಟಿಲ್ಲದವನು ಹುಟ್ಟಿ ಬರುವುದು ಹೇಗೆ? ಆಚಾರ್ಯರು ತಲೆ ಕೆಡಿಸಿಕೊಂಡದ್ದು ಇದಕ್ಕೇ. ದೇಹ ಇದ್ದವನ ಹಾಗೆ, ಹುಟ್ಟಿದವನ ಹಾಗೆ ಮಾಯೆಯಿಂದ ಕಾಣುತ್ತಾನೆ ಎಂದರು ಶಂಕರರು. ಅವರ ಮಾತಿನ ಭಾರವೆಲ್ಲ ಆ 'ಹಾಗೆ'ಯ ಮೇಲಿದೆ. ದೇಹ ನಿಜವೇ, ಆದರೆ ನಮ್ಮ ದೇಹದಂತೆ ಕರ್ಮದಿಂದ ಬಂದದ್ದಲ್ಲ, ಅವನೇ ಇಷ್ಟಪಟ್ಟು ತಾಳಿದ್ದು ಎಂದರು ರಾಮಾನುಜರು. ಉಡುಪಿಯ ಮಧ್ವರು ಇನ್ನೂ ಬಿಗಿ. ಅವತಾರದ ದೇಹ ಪಂಚಭೂತಗಳದ್ದಲ್ಲ, ಮೂಲರೂಪಕ್ಕೂ ಅವತಾರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅನ್ನುವುದು ಅವರ ನಿಲುವು. ದೇವರು ನಮ್ಮಂತೆ ರಕ್ತಮಾಂಸದ ಮನುಷ್ಯನಾದ ಎಂದರೆ ಮೂವರಲ್ಲಿ ಒಬ್ಬರೂ ಒಪ್ಪುವುದಿಲ್ಲ. ಇನ್ನು ಅಕ್ಕಮಹಾದೇವಿ ಒಲಿದದ್ದು ರೂಹಿಲ್ಲದ, ಭವವಿಲ್ಲದ ಚೆಲುವನಿಗೆ.

ಕುರ್‌ಆನಿನ 112ನೇ ಅಧ್ಯಾಯದಲ್ಲಿ ಇರುವುದು ನಾಲ್ಕೇ ಸಾಲು. ಅಲ್ಲಾಹ ಯಾರನ್ನೂ ಹೆತ್ತಿಲ್ಲ, ಯಾರಿಗೂ ಹುಟ್ಟಿಲ್ಲ ಎನ್ನುತ್ತದೆ ಅದು. ಈ ಮಾತು ಬಂದದ್ದು 7ನೇ ಶತಮಾನದ ಅರೇಬಿಯಾದಲ್ಲಿ. ದೇವರಿಗೆ ಹೆಣ್ಣುಮಕ್ಕಳಿದ್ದಾರೆ ಅನ್ನುವ ಮೆಕ್ಕಾದವರು, ಯೇಸು ದೇವರ ಮಗ ಅನ್ನುವ ಕ್ರೈಸ್ತರು ಅಲ್ಲಿದ್ದರು. ಕೃಷ್ಣಭಕ್ತರು ಎದುರಿಗೆ ಇರಲಿಲ್ಲ. ಯೇಸು ಮತ್ತು ಅವರ ತಾಯಿ ಮರ್ಯಮ್ ಇಬ್ಬರೂ ಊಟ ಮಾಡುತ್ತಿದ್ದರು ಎಂದು 5ನೇ ಅಧ್ಯಾಯ ನೆನಪಿಸುತ್ತದೆ. ಹಸಿವಾಗುವವನು ದೇವರಾಗುವುದು ಹೇಗೆ ಅನ್ನುವುದು ಅಲ್ಲಿನ ವಾದ. ಪ್ರವಾದಿ ಮುಹಮ್ಮದರೂ ಉಣ್ಣುತ್ತಾರೆ, ಪೇಟೆಯಲ್ಲಿ ಓಡಾಡುತ್ತಾರೆ ಎಂದು ವಿರೋಧಿಗಳು ಆಡಿಕೊಂಡಿದ್ದರು. "ನಾನೂ ನಿಮ್ಮಂಥ ಮನುಷ್ಯನೇ" ಎಂದು ಹೇಳುವಂತೆ ಅವರಿಗೆ ಆಜ್ಞೆಯಾಯಿತು. ಮರ್ಯಮ್ ಎದುರು ಮನುಷ್ಯನ ರೂಪದಲ್ಲಿ ಬಂದು ನಿಂತವರು ಜಿಬ್ರೀಲ್. ಅವರು ದೇವದೂತರು, ದೇವರಲ್ಲ.

ಹಾಗಂತ ಅಲ್ಲಿ ಎಲ್ಲ ತಿಳಿಯಾಗಿತ್ತು ಅಂತಲ್ಲ. ದೇವರ ಕೈ, ದೇವರ ಮುಖ ಎಂಬ ಮಾತುಗಳು ಕುರ್‌ಆನಿನಲ್ಲೇ ಇವೆ. ರಾತ್ರಿಯ ಕೊನೇ ಮೂರನೇ ಒಂದು ಪಾಲು ಉಳಿದಾಗ ದೇವರು ಕೆಳಗಿನ ಆಕಾಶಕ್ಕೆ ಇಳಿಯುತ್ತಾನೆ ಅನ್ನುವ ಹದೀಸ್, ಅಂದರೆ ಪ್ರವಾದಿಯವರ ಮಾತೆಂದು ಉಳಿದುಬಂದದ್ದು ಕೂಡ ಇದೆ. ಹೇಗೆ ಅಂತ ಕೇಳಬೇಡಿ, ಇದ್ದ ಹಾಗೆ ನಂಬಿ ಎಂದರು ಕೆಲವು ಪಂಡಿತರು. ಇಳಿಯುವುದು ಅವನ ಕರುಣೆ ಎಂದರು ಇನ್ನು ಕೆಲವರು. ದೇವರು ಮನುಷ್ಯನೊಳಗೆ ಬಂದು ನೆಲೆಸುವ 'ಹುಲೂಲ್' ವಿಚಾರವನ್ನಂತೂ ಪಂಡಿತರು ತಳ್ಳಿಹಾಕಿದರು. "ಅನಲ್ ಹಕ್", ಅಂದರೆ ನಾನೇ ಸತ್ಯ ಎಂದ ಮಾತಿಗೆ ಹೆಸರಾದ ಸೂಫಿ ಹಲ್ಲಾಜರನ್ನು 922ರಲ್ಲಿ ಬಾಗ್ದಾದಿನಲ್ಲಿ ಕೊಂದರು. ಅದರಲ್ಲಿ ರಾಜಕೀಯವೂ ಇತ್ತೆನ್ನಿ.

ಎರಡೂ ನಂಬಿಕೆಗಳು ನಿಜವಾಗಿ ಮುಖಾಮುಖಿಯಾದದ್ದು ಭಾರತದಲ್ಲಿ. ಸುಮಾರು 1030ರಲ್ಲಿ ಮುಸ್ಲಿಂ ವಿದ್ವಾಂಸ ಅಲ್ ಬೀರೂನಿ ಗೀತೆಯ ಮಾತುಗಳನ್ನೇ ಉದ್ಧರಿಸಿ, ಹಿಂದೂಗಳಲ್ಲಿ ಓದಿದವರು ಆದಿ ಅಂತ್ಯವಿಲ್ಲದ ಒಬ್ಬನೇ ದೇವರನ್ನು ನಂಬುತ್ತಾರೆ ಎಂದು ಬರೆದರು. ಮುಂದೆ ಮೊಗಲರ ಕಾಲದಲ್ಲಿ ಹೃದಯರಾಮ ಎಂಬ ಹಿಂದೂ ಒಬ್ಬರಿಗೆ ಸೂಫಿ ಗುರು ಅಹ್ಮದ್ ಸರ್ಹಿಂದಿ ಪತ್ರ ಬರೆದು ರಾಮ, ರಹಮಾನ್ (ಅಲ್ಲಾಹನ ಒಂದು ಹೆಸರು) ಒಂದೇ ಅಲ್ಲ ಎಂದು ವಾದಿಸಿದರು. ದಶರಥನಿಗೆ ಹುಟ್ಟಿದವನು ಸೃಷ್ಟಿಕರ್ತ ಹೇಗಾದಾನು ಎಂಬುದು ಅವರ ಪ್ರಶ್ನೆ. ಮಧ್ವರ ಶಿಷ್ಯರು ಆ ಪತ್ರ ಓದಿದ್ದರೆ 'ಹುಟ್ಟಿದವನು' ಅನ್ನುವ ಪದಕ್ಕೇ ತಕರಾರು ತೆಗೆಯುತ್ತಿದ್ದರು, ಅಲ್ವಾ? ಸರ್ಹಿಂದಿಯವರ ಪರಂಪರೆಯಲ್ಲೇ ಬಂದ, 18ನೇ ಶತಮಾನದ ದೆಹಲಿಯ ಮಝರ್ ಜಾನ್‌ಜಾನಾನ್ ಬೇರೆ ದಾರಿ ಹಿಡಿದರು. ಎಚ್ಚರಿಸುವವನು ಬಾರದ ಜನಾಂಗವೇ ಇಲ್ಲ ಎನ್ನುತ್ತದೆ ಕುರ್‌ಆನ್. ಹಾಗಾಗಿ ರಾಮ, ಕೃಷ್ಣರು ಪ್ರವಾದಿಗಳಾಗಿದ್ದಿರಬಹುದು ಎಂದರು. ಗೌರವ ಕೊಟ್ಟರು, ದೇವರ ಸ್ಥಾನ ಕೊಡಲಿಲ್ಲ.

ಬಂಗಾಳದ ಕವಿ ಸೈಯದ್ ಸುಲ್ತಾನ್ ಪ್ರವಾದಿಯನ್ನೇ 'ಅವತಾರ' ಎಂದು ಕರೆದರು. ಅಲ್ಲಿ ಪದ ಉಳಿಯಿತು, ಒಳಗಿನ ಅರ್ಥ ಬದಲಾಯಿತು. ಗುಜರಾತ್ ಕಡೆಯ ಖೋಜಾ ಎಂಬ ಸಮುದಾಯದ ಇಸ್ಮಾಯಿಲಿಗಳ (ಶಿಯಾ ಮುಸ್ಲಿಮರ ಒಂದು ಪಂಗಡ) 'ದಶಾವತಾರ' ಹಾಡಿನಲ್ಲಿ ಹತ್ತನೆಯ ಅವತಾರವಾಗಿ ಬರುವವರು ಪ್ರವಾದಿಯವರ ಅಳಿಯ ಹಜರತ್ ಅಲಿ. 1866ರಲ್ಲಿ ಖೋಜಾಗಳೊಳಗಿನ ಜಗಳ ಬಾಂಬೆ ಹೈಕೋರ್ಟಿಗೆ ಹೋಯಿತು. ಅವರು ಸುನ್ನಿಗಳೋ ಇಸ್ಮಾಯಿಲಿಗಳೋ ಎಂದು ತೀರ್ಮಾನಿಸಲು ಜಸ್ಟಿಸ್ ಆರ್ನೌಲ್ಡ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಮತ್ಸ್ಯ, ಕೂರ್ಮ, ವರಾಹಗಳಿಂದ ಹಿಡಿದು ಅಲಿಯವರೆಗಿನ ಆ ಪಟ್ಟಿಯನ್ನೂ ವಿಚಾರಣೆಗೆ ತೆಗೆದುಕೊಳ್ಳಬೇಕಾಯಿತು. ಇಸ್ಮಾಯಿಲಿಗಳೇ ಎಂದು ತೀರ್ಪಾಯಿತು. ಇಸ್ಮಾಯಿಲಿಗಳ ಧರ್ಮಗುರು ಆಗಾ ಖಾನ್ ಗೆದ್ದರು.