ಸೂಜಿಯಂಥ ಹರಳಿನೊಳಗೆ ಸರಪಳಿ ಇರಲೇಬೇಕಾ?

ಪ್ರಶ್ನೆ: ಸರ್, ಸೋಡಿಯಂ ಮಾಲಿಬ್ಡೇಟ್‌ಗೆ ತಾಮ್ರದ ಲವಣ ಸೇರಿಸಿ ಆಟೋಕ್ಲೇವ್‌ನಲ್ಲಿ (ಬಿಗಿಯಾಗಿ ಮುಚ್ಚಿ ಬಿಸಿ ಮಾಡುವ ಪಾತ್ರೆ) ಇಟ್ಟಿದ್ದೆ. ನೀಲಿ ಸೂಜಿ ಹರಳು ಬಂದಿದೆ. ಪಾಲಿಆಕ್ಸೋಮೆಟಲೇಟ್ ಸರಪಳಿ ಸಿಕ್ಕಿತು ಅಂತ ಬರೆಯಬಹುದಲ್ವಾ?
– ಎಂಎಸ್ಸಿ ವಿದ್ಯಾರ್ಥಿನಿ, ಕೊಣಾಜೆ

ಬೇಡ ಮಾರಾಯ್ರೆ, ಈಗಲೇ ಬರೆಯಬೇಡಿ. ಪ್ರಾಜೆಕ್ಟ್ ಸಮಯ ಬಂತೆಂದರೆ ಇದೇ ಪ್ರಶ್ನೆ, ಇದೇ ಉತ್ತರ. ಈ ಸಲ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ತಯಾರಿ ಸರಿಯಾಗಿಯೇ ಇದೆ. ಆಮ್ಲ ಬಿದ್ದಾಗ ಮಾಲಿಬ್ಡೇಟ್ ಅಯಾನುಗಳು ಒಂದಕ್ಕೊಂದು ಸೇರಿ, ನೀರನ್ನು ಹೊರಹಾಕಿ ಗೊಂಚಲಾಗುತ್ತವೆ. ಈ ಲೋಹ-ಆಕ್ಸಿಜನ್ ಗೊಂಚಲೇ ಪಾಲಿಆಕ್ಸೋಮೆಟಲೇಟ್. ಪಿಎಚ್ 5ರ ಆಸುಪಾಸಿನಲ್ಲಿ 7 ಮಾಲಿಬ್ಡಿನಮ್‌ನ ಗೊಂಚಲು, ಇನ್ನೂ ಇಳಿದರೆ 8ರದ್ದು. ಎರಡು ಗೊಂಚಲುಗಳ ಆಕ್ಸಿಜನ್‌ಗಳನ್ನು ಒಂದೇ ತಾಮ್ರ ಹಿಡಿದುಕೊಂಡು, ಹಾಗೆಯೇ ಮುಂದುವರಿದರೆ ಅದು ಸರಪಳಿ.

ಆದರೆ ಹರಳಿನ ಆಕಾರ ನೋಡಿ ಇದನ್ನು ಹೇಳಲು ಬರುವುದಿಲ್ಲ. ಯಾವ ಮುಖ ಬೇಗ ಬೆಳೆಯಿತು, ಯಾವುದು ನಿಧಾನ ಅನ್ನುವುದಷ್ಟೇ ಆಕಾರದಿಂದ ತಿಳಿಯುತ್ತದೆ. ಚಹಾಪುಡಿಯಿಂದ ಕೆಫೀನ್ ತೆಗೆದಿದ್ದೀರಲ್ಲ? ಬೆಳ್ಳಗಿನ ಸೂಜಿಗಳು. ಒಳಗಿರುವುದು ಬಿಡಿಬಿಡಿ ಅಣುಗಳು. ರೂಟೈಲ್ ಖನಿಜವೂ ಸೂಜಿಯಾಗಿ ಬೆಳೆಯುತ್ತದೆ, ಒಳಗೆ ಮೂರೂ ದಿಕ್ಕಿಗೆ ಹರಡಿದ ಜಾಲ. ಇನ್ನು ಶಂಕರಪುರ ಮಲ್ಲಿಗೆಯ ಚೆಂಡು ನೋಡಿ. ಹೊರಗಿನಿಂದ ಉಂಡೆ, ಬಿಚ್ಚಿದರೆ ಉದ್ದನೆಯ ದಂಡೆ. ಸರಪಳಿ ಇರುವ ಹರಳು ದಪ್ಪ ತುಂಡಾಗಿಯೂ ಬರಬಹುದು.

ನೀಲಿ ಬಣ್ಣವೂ ಸಾಕ್ಷಿಯಲ್ಲ. ತಾಮ್ರ 6 ನೀರಿನ ಅಣುಗಳನ್ನು ಸುತ್ತಿಕೊಂಡು, ಗೊಂಚಲನ್ನು ಮುಟ್ಟದೆ ಸುಮ್ನೆ ಪಕ್ಕದಲ್ಲಿ ಕೂತಿದ್ದರೂ ಹರಳು ನೀಲಿಯೇ.

ಖಚಿತವಾಗಬೇಕಾದರೆ ಏಕಹರಳಿನ ಎಕ್ಸ್-ರೇ ಮಾಡಿಸಿ. ಒಂದೇ ಹರಳಿಗೆ ಎಕ್ಸ್-ರೇ ಹಾಯಿಸಿ ಒಳಗೆ ಯಾವ ಪರಮಾಣು ಎಲ್ಲಿದೆ ಎಂದು ತಿಳಿಯುವ ಪರೀಕ್ಷೆ ಅದು. ತಾಮ್ರದಿಂದ ಗೊಂಚಲಿನ ಆಕ್ಸಿಜನ್‌ಗೆ 1.9–2.0 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ದೂರ ಇದ್ದರೆ ಗಟ್ಟಿ ಬಂಧ. ಮೇಲೆ-ಕೆಳಗಿನ ದಿಕ್ಕಿನಲ್ಲಿ 2.3–2.4 ಬಂದರೂ ಗಾಬರಿ ಬೇಡ, ತಾಮ್ರ(2), ಅಂದರೆ ಎರಡು ಧನ ಆವೇಶದ ತಾಮ್ರದ ಸ್ವಭಾವವೇ ಹಾಗೆ. 3 ದಾಟಿದರೆ ಸರಪಳಿಯ ಮಾತು ಬಿಡಿ. ಒಂದು ಎಚ್ಚರಿಕೆ: ಸಾಫ್ಟ್‌ವೇರ್ ಮೊದಲು ತೋರಿಸುವ ಚಿತ್ರದಲ್ಲಿ ಒಂದು ಗೊಂಚಲು, ಒಂದು ತಾಮ್ರ, ಕೆಲವೊಮ್ಮೆ ಅರ್ಧ ಗೊಂಚಲಷ್ಟೇ ಇರುತ್ತದೆ. ಸಮಮಿತಿಯಿಂದ, ಅಂದರೆ ಹರಳಿನಲ್ಲಿ ಅದೇ ಭಾಗ ಮರುಕಳಿಸುವ ನಿಯಮದಿಂದ, ಪಕ್ಕದವನ್ನೂ ಬೆಳೆಸಿ ನೋಡಿ. ಸರಪಳಿ ಇದ್ದರೆ ಆಗ ಕಾಣುತ್ತದೆ. ಮೊದಲ ಸಲ ಅದನ್ನು ಕಂಡ ವಿದ್ಯಾರ್ಥಿಯ ಮುಖ ನೋಡುವುದೇ ನನಗೆ ಖುಷಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಹೊಳೆಯುವ ಹರಳು ಎಕ್ಸ್-ರೇ ಯಂತ್ರದ ಎಸಿ ಕೋಣೆಗೆ ಹೋದಾಗ ಮಸುಕಾಗಬಹುದು. ಗೊಂಚಲುಗಳ ನಡುವೆ ಕೂತ ನೀರು ಒಣಗಾಳಿಗೆ ಹಾರಿಹೋಗುತ್ತದೆ, ಹರಳು ಬಿರುಕು ಬಿಡುತ್ತದೆ. ಹಾಗಾಗಿ ಸೋಸಿ ಒಣಗಿಸಿ ಒಯ್ಯಬೇಡಿ. ಹುಟ್ಟಿದ ದ್ರಾವಣದಲ್ಲೇ ಮುಳುಗಿಸಿ ಒಯ್ಯಿರಿ, ಹೊರತೆಗೆದ ಕೂಡಲೇ ಪ್ಯಾರಾಫಿನ್ ಎಣ್ಣೆಯ ಹನಿಯೊಳಗೆ ಹಾಕಿ.