ಹೊಸ ಕೋಳಿಗಳನ್ನು ಹಳೆಯವು ಕುಕ್ಕುತ್ತಿವೆ, ಏನು ಮಾಡಬೇಕು?

ಓದುಗರ ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ ಎರಡು ವರ್ಷಗಳಿಂದ ಐದು ಹೇಂಟೆಗಳನ್ನು ಸಾಕುತ್ತಿದ್ದೇವೆ. ಮೊಟ್ಟೆ ಕಡಿಮೆಯಾಗುತ್ತಾ ಬಂದದ್ದರಿಂದ ಮೂರು ತಿಂಗಳ ಪ್ರಾಯದ ಆರು ಎಳೆಯ ಹೇಂಟೆಗಳನ್ನು ತಂದು ಅದೇ ಗೂಡಿಗೆ ಬಿಟ್ಟೆವು. ಹಳೆಯವು ಅವುಗಳನ್ನು ಮೇವಿನ ಬಳಿ ಸುಳಿಯಲೂ ಬಿಡದೆ ಅಟ್ಟಾಡಿಸಿ ಕುಕ್ಕುತ್ತಿವೆ. ಒಂದರ ತಲೆಯಲ್ಲಿ ರಕ್ತವೂ ಬಂದಿದೆ. ಇದು ತಾನಾಗಿಯೇ ಸರಿಹೋಗುತ್ತದೆಯೇ, ಅಥವಾ ಕೋಳಿಗಳ ಸಂಖ್ಯೆಯನ್ನು ಹೆಚ್ಚಿಸುವ ಯೋಚನೆಯನ್ನೇ ಬಿಡಬೇಕೇ?

ಉತ್ತರ: ಯೋಚನೆಯನ್ನು ಬಿಡಬೇಕಾಗಿಲ್ಲ. ಆದರೆ ತಾನಾಗಿಯೇ ಸರಿಹೋಗಲಿ ಎಂದು ಕಾಯುವುದೂ ಬೇಡ. ಮೊದಲು ರಕ್ತ ಬಂದಿರುವ ಕೋಳಿಯನ್ನು ಉಳಿದವುಗಳ ಕಣ್ಣಿಗೆ ಬೀಳದ ಹಾಗೆ ಬೇರೆ ಕಡೆ ಇರಿಸಿ, ಗಾಯವನ್ನು ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಅದು ಪೂರ್ತಿ ಒಣಗುವ ತನಕ ಅಲ್ಲಿಯೇ ಉಳಿಸಿಕೊಳ್ಳಿ. ಕೋಳಿಗಳ ಗಮನ ಕೆಂಪು ಬಣ್ಣದ ಕಡೆಗೆ ಬಹಳ ಬೇಗ ಹರಿಯುತ್ತದೆ. ಒಮ್ಮೆ ರಕ್ತ ಕಂಡಿತೆಂದರೆ ಅಲ್ಲಿಯವರೆಗೆ ಸುಮ್ಮನಿದ್ದವೂ ಬಂದು ಅದೇ ಜಾಗವನ್ನು ಕುಕ್ಕತೊಡಗುತ್ತವೆ, ಕೊನೆಗೆ ಆ ಕೋಳಿ ಸತ್ತೇ ಹೋಗುವುದೂ ಉಂಟು. ಉಳಿದ ಐದು ಎಳೆಯ ಕೋಳಿಗಳನ್ನೂ ಇಂದೇ ಹಳೆಯವುಗಳಿಂದ ಬೇರ್ಪಡಿಸಿ. ಅಟ್ಟಾಡಿಸುವುದು, ಒಂದೆರಡು ಬಾರಿ ಕುಕ್ಕುವುದು, ಎದೆಯುಬ್ಬಿಸಿ ಎದುರುಬದುರು ನಿಲ್ಲುವುದು ಇವೆಲ್ಲ ಸಹಜ. ರಕ್ತ ಬರುವುದು, ದಿನವಿಡೀ ಮೇವು ನೀರು ಸಿಗದಿರುವುದು, ಒಂದೇ ಕೋಳಿಯನ್ನು ಹಲವು ಸೇರಿ ಮೂಲೆಗೆ ಒತ್ತುವುದು ಸಹಜವಲ್ಲ.

ಹಳೆಯ ಕೋಳಿಗಳು ಹೀಗೇಕೆ ವರ್ತಿಸುತ್ತವೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಕೆಲಸ ಅರ್ಥವಾಗುತ್ತದೆ. ಕೋಳಿಗಳ ಹಿಂಡಿನಲ್ಲಿ ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬ ಖಚಿತವಾದ ಕ್ರಮವೊಂದಿರುತ್ತದೆ ಎನ್ನುವುದನ್ನು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥೋರ್ಲೀಫ್ ಶೆಲ್ಡರೂಪ್-ಎಬ್ಬೆ ಅವರು ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುತ್ತಾ ಬಂದು 1921ರಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. ಮೊದಲು ತಿನ್ನುವವರು ಯಾರು, ರಾತ್ರಿ ಅಡ್ಡಕೋಲಿನ ಮೇಲೆ ಒಳ್ಳೆಯ ಜಾಗ ಯಾರದು ಎಂಬುದೆಲ್ಲ ಈ ಕ್ರಮದಲ್ಲಿ ಒಮ್ಮೆ ತೀರ್ಮಾನವಾದ ಮೇಲೆ ಪ್ರತಿದಿನವೂ ಜಗಳವಾಡುವ ಅಗತ್ಯ ಬೀಳುವುದಿಲ್ಲ. ಒಂದು ನೋಟ, ಒಂದು ಸಣ್ಣ ಕುಕ್ಕು ಸಾಕಾಗುತ್ತದೆ. ಅಂದರೆ ನಿಮ್ಮ ಐದು ಹೇಂಟೆಗಳು ಎರಡು ವರ್ಷ ನೆಮ್ಮದಿಯಿಂದ ಇದ್ದದ್ದು ಈ ಕ್ರಮದ ಬಲದಿಂದಲೇ. ಅದರೊಳಗೆ ಆರು ಅಪರಿಚಿತ ಕೋಳಿಗಳು ಒಮ್ಮೆಲೇ ಬಂದಾಗ ಐದಕ್ಕೆ ಆರು ಸೇರಿ ಹನ್ನೊಂದಾಗುವುದಿಲ್ಲ. ಹಳೆಯ ಹಿಂಡು ಮುರಿದು, ಹನ್ನೊಂದು ಕೋಳಿಗಳ ಬೇರೆಯೇ ಒಂದು ಹಿಂಡು ಮೊದಲಿನಿಂದ ರೂಪುಗೊಳ್ಳಬೇಕಾಗುತ್ತದೆ. ಅದಕ್ಕೆ ಬೇಕಾದ ಕಾಲ ಮತ್ತು ಜಾಗವನ್ನು ಒದಗಿಸುವುದೇ ಸಾಕುವವರ ಮುಖ್ಯ ಕೆಲಸವೆಂದು ನಾನು ತಿಳಿದಿದ್ದೇನೆ.

ಹೊಸ ಕೋಳಿಗಳನ್ನು ತಂದ ಕೂಡಲೇ ಮಾಡಬೇಕಾಗಿದ್ದ ಒಂದು ಕೆಲಸ ನಿಮ್ಮಲ್ಲಿ ತಪ್ಪಿಹೋಗಿದೆ, ಅದನ್ನು ಹೇಳದೆ ಇರಲಾಗದು. ಹೊರಗಿನಿಂದ ಬಂದ ಯಾವುದೇ ಕೋಳಿಯನ್ನು ಮೂರರಿಂದ ನಾಲ್ಕು ವಾರಗಳ ಕಾಲ, ಹಳೆಯವುಗಳಿಂದ ಸಾಧ್ಯವಾದಷ್ಟು ದೂರದಲ್ಲಿ, ಬೇರೆ ಮೇವಿನ ಪಾತ್ರೆ ಮತ್ತು ಬೇರೆ ನೀರಿನ ಪಾತ್ರೆಯೊಂದಿಗೆ ಇರಿಸಬೇಕು. ದಿನದ ಕೆಲಸವನ್ನು ಹಳೆಯ ಕೋಳಿಗಳಿಂದ ಆರಂಭಿಸಿ ಹೊಸವುಗಳ ಬಳಿಗೆ ಕೊನೆಯಲ್ಲಿ ಹೋಗಬೇಕು. ನೋಡಲು ಆರೋಗ್ಯವಾಗಿರುವ ಕೋಳಿಯೂ ಉಸಿರಾಟದ ರೋಗ ತರುವ ಮೈಕೋಪ್ಲಾಸ್ಮಾ ಸೋಂಕನ್ನೋ ಕಾಲಿನ ಸ್ವಾಧೀನ ತಪ್ಪಿಸುವ ಮಾರೆಕ್ಸ್ ರೋಗದ ವೈರಾಣುವನ್ನೋ ಹೊತ್ತುಕೊಂಡಿರಬಹುದು. ಪುಕ್ಕದೊಳಗೆ ಹೇನು ಇರಬಹುದು. ಹಗಲು ಮರದ ಸಂದುಗಳಲ್ಲಿ ಅಡಗಿದ್ದು ರಾತ್ರಿ ಮಾತ್ರ ರಕ್ತ ಹೀರುವ ಕೆಂಪು ನುಸಿಯಂತೂ ಕೋಳಿಯ ಜೊತೆಗೆ, ಅದನ್ನು ತಂದ ಬುಟ್ಟಿಯ ಜೊತೆಗೆ ಕೂಡ ಬಂದುಬಿಡುತ್ತದೆ. ಅಪಾಯ ಒಂದೇ ಕಡೆಯಿಂದ ಬರುವುದೂ ಅಲ್ಲ. ಹಳೆಯ ಕೋಳಿಗಳು ಸಹಿಸಿಕೊಳ್ಳಬಲ್ಲ ಕಾಕ್ಸಿಡಿಯಾದಂಥ ಪರೋಪಜೀವಿಗಳು ಎಳೆಯವುಗಳಲ್ಲಿ ರಕ್ತಭೇದಿಯನ್ನು ಉಂಟುಮಾಡಬಲ್ಲವು. ನಿಮ್ಮಲ್ಲಿ ಎರಡೂ ಗುಂಪುಗಳು ಈಗಾಗಲೇ ಬೆರೆತಿರುವುದರಿಂದ ಸೋಂಕು ತಡೆಯುವ ಅವಕಾಶ ಬಹುಮಟ್ಟಿಗೆ ಕೈತಪ್ಪಿದೆ. ಇನ್ನೊಂದು ತಿಂಗಳ ಕಾಲ ಸೀನು, ಮೂಗು ಸೋರುವುದು, ಕಣ್ಣಿನ ಊತ, ಹಿಕ್ಕೆಯಲ್ಲಿ ರಕ್ತ, ಕಾಲು ಎಳೆಯುವುದು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಪಶುವೈದ್ಯರಿಗೆ ತೋರಿಸಿ. ಕೊಕ್ಕರೆ ರೋಗ (ರಾಣಿಖೇತ್ ರೋಗ) ಮತ್ತು ಕೋಳಿ ಸಿಡುಬಿಗೆ ಲಸಿಕೆಗಳಿವೆ. ಹೊಸ ಕೋಳಿಗಳಿಗೆ ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಮಾರಿದವರಲ್ಲಿ ಕೇಳಿ ತಿಳಿದುಕೊಂಡು ಅದನ್ನೂ ವೈದ್ಯರಿಗೆ ಹೇಳಿ.

ಇನ್ನು ಸೇರಿಸುವ ವಿಧಾನಕ್ಕೆ ಬರೋಣ. ಗೂಡಿನ ಅಥವಾ ಅಂಗಳದ ಒಂದು ಭಾಗಕ್ಕೆ ಜಾಲರಿ ಹಾಕಿ, ಹೊಸ ಕೋಳಿಗಳನ್ನು ಅದರೊಳಗೆ ಒಂದೆರಡು ವಾರ ಇರಿಸಿ. ಎರಡೂ ಗುಂಪುಗಳು ಪರಸ್ಪರ ಕಾಣಬೇಕು, ಸದ್ದು ಕೇಳಬೇಕು, ಆದರೆ ಮುಟ್ಟಲಾಗಬಾರದು. ಮೇವಿನ ಪಾತ್ರೆಗಳನ್ನು ಜಾಲರಿಯ ಎರಡೂ ಬದಿಗೆ ಹತ್ತಿರ ಹತ್ತಿರ ಇಟ್ಟರೆ ಒಂದನ್ನೊಂದು ನೋಡುತ್ತಾ ತಿನ್ನುವುದು ಅಭ್ಯಾಸವಾಗುತ್ತದೆ. ಜಾಲರಿಯ ಆಚೆ ಈಚೆ ಓಡಾಡಿ ಕೆಣಕುವುದು ನಿಂತು, ಹಳೆಯವು ಹೊಸವುಗಳತ್ತ ಗಮನವನ್ನೇ ಕೊಡದಿರುವ ದಿನ ಬಂದಾಗ ಸಂಜೆ ಮೇಯಲು ಬಿಡುವ ಹೊತ್ತಿನಲ್ಲಿ ನೀವು ಎದುರಿಗೇ ಇದ್ದು ಒಂದು ಗಂಟೆ ಸೇರಿಸಿ ನೋಡಿ, ದಿನದಿನಕ್ಕೆ ಆ ಅವಧಿಯನ್ನು ಹೆಚ್ಚಿಸಿ. ರಾತ್ರಿ ಕತ್ತಲಲ್ಲಿ ಹೊಸ ಕೋಳಿಗಳನ್ನು ಅಡ್ಡಕೋಲಿನ ಮೇಲೆ ಕೂರಿಸಿಬಿಟ್ಟರೆ ಬೆಳಿಗ್ಗೆ ಹಳೆಯವಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ ಎಂಬ ಸಲಹೆಯನ್ನು ಅನೇಕರು ಕೊಡುತ್ತಾರೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಕೋಳಿಗಳು ತಮ್ಮ ಹಿಂಡಿನವರನ್ನು ಮುಖ ಮತ್ತು ಜುಟ್ಟಿನಿಂದ ಚೆನ್ನಾಗಿಯೇ ಗುರುತಿಸುತ್ತವೆ. ಜಾಲರಿಯ ಪರಿಚಯ ಮುಗಿದ ಮೇಲೆ ಕೊನೆಯ ಹೆಜ್ಜೆಯಾಗಿ ಅದನ್ನು ಮಾಡಬಹುದು, ಪರಿಚಯದ ಬದಲಿಗೆ ಮಾಡಲಾಗದು. ಎಂದಿಗೂ ಒಂಟಿ ಕೋಳಿಯನ್ನು ಸೇರಿಸಬೇಡಿ. ಕನಿಷ್ಠ ಎರಡಾದರೂ ಇದ್ದರೆ ಪೆಟ್ಟು ಹಂಚಿಹೋಗುತ್ತದೆ, ಜೊತೆಯೂ ಇರುತ್ತದೆ. ನೀವು ಆರನ್ನು ಒಟ್ಟಿಗೆ ತಂದದ್ದು ಈ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಗಾತ್ರವೂ ಮುಖ್ಯ: ಹೊಸವು ಹಳೆಯವುಗಳ ಮುಕ್ಕಾಲು ಪಾಲಾದರೂ ಬೆಳೆಯುವ ತನಕ ಅವನ್ನು ದಿನವಿಡೀ ಒಟ್ಟಿಗೆ ಬಿಡದಿರುವುದು ಕ್ಷೇಮ.

ಜಾಲರಿಗಿಂತಲೂ ಹೆಚ್ಚು ಫಲ ಕೊಡುವುದು ಜಾಗ. ಗೂಡಿನೊಳಗೆ ಒಂದು ಕೋಳಿಗೆ ನಾಲ್ಕು ಚದರ ಅಡಿ, ಹೊರಗಿನ ಆವರಣದಲ್ಲಿ ಹತ್ತು ಚದರ ಅಡಿ ಎಂಬುದು ಸಾಕುವವರು ಸಾಮಾನ್ಯವಾಗಿ ಅನುಸರಿಸುವ ಲೆಕ್ಕ. ಹಾಗಿದ್ದರೆ ಐದಕ್ಕೆ ಇಪ್ಪತ್ತು ಚದರ ಅಡಿಯ ಗೂಡು ಸಾಕಾಗಿತ್ತು, ಹನ್ನೊಂದಕ್ಕೆ ನಲವತ್ತನಾಲ್ಕು ಬೇಕು. ಗೂಡು ಹಳೆಯ ಅಳತೆಯಲ್ಲೇ ಉಳಿದಿದ್ದರೆ ಎಷ್ಟೇ ನಿಧಾನವಾಗಿ ಪರಿಚಯ ಮಾಡಿಸಿದರೂ ಜಗಳ ತಪ್ಪದು, ಏಕೆಂದರೆ ಸೋತ ಕೋಳಿಗೆ ಹಿಂದೆ ಸರಿಯಲು ಸ್ಥಳವಿರುವುದಿಲ್ಲ. ಅದು ಸೋಲೊಪ್ಪಿದೆ ಎಂಬುದು ಗೆದ್ದ ಕೋಳಿಗೆ ತಿಳಿಯುವುದೇ ಅದು ದೂರ ಓಡಿದಾಗ. ಅಡ್ಡಕೋಲಿನಲ್ಲಿ ಒಂದಕ್ಕೆ ಎಂಟರಿಂದ ಹತ್ತು ಅಂಗುಲ ಇರಲಿ, ನಾಲ್ಕೈದು ಹೇಂಟೆಗಳಿಗೆ ಒಂದರಂತೆ ಮೊಟ್ಟೆಪೆಟ್ಟಿಗೆ ಇರಲಿ. ಮೇವು ನೀರನ್ನು ಒಂದರಿಂದ ಇನ್ನೊಂದು ಕಾಣದಂಥ ಎರಡು ಮೂರು ಕಡೆ ಇಡಿ, ಆಗ ಒಂದೇ ಜೋರಿನ ಹೇಂಟೆ ಎಲ್ಲವನ್ನೂ ಕಾಯಲಾಗುವುದಿಲ್ಲ. ಓರೆಯಾಗಿ ನಿಲ್ಲಿಸಿದ ಹಲಗೆ, ಮರದ ಕೊಂಬೆ, ಬೋರಲು ಹಾಕಿದ ಪೆಟ್ಟಿಗೆ ಇಂಥವು ಅಡಗಲು ಆಸರೆಯಾಗುತ್ತವೆ. ಎರಡು ಬಾಯಿಯಿಲ್ಲದ, ಒಳಹೊಕ್ಕರೆ ಸಿಕ್ಕಿಬೀಳುವಂಥ ಮೂಲೆಗಳು ಮಾತ್ರ ಬೇಡ.

ಸಂಖ್ಯೆ ಹೆಚ್ಚಿದಾಗ ಹಿಕ್ಕೆಯೂ ತೇವವೂ ಹೆಚ್ಚುತ್ತವೆ ಎಂಬುದನ್ನು ಹೊಸದಾಗಿ ಸಾಕುವವರು ಮರೆಯುತ್ತಾರೆ. ಗೂಡಿಗೆ ಬಗ್ಗಿದಾಗ ಅಮೋನಿಯಾದ ಘಾಟು ಮೂಗಿಗೆ ಬಡಿದರೆ, ನೆಲದ ಹತ್ತಿರ ಉಸಿರಾಡುವ ಕೋಳಿಯ ಶ್ವಾಸಕೋಶ ಆಗಲೇ ಕಷ್ಟಪಡುತ್ತಿದೆ ಎಂದರ್ಥ. ಅಡ್ಡಕೋಲಿನ ಎತ್ತರಕ್ಕಿಂತ ಮೇಲೆ ಗಾಳಿಕಿಂಡಿಗಳಿರಬೇಕು, ನೆಲದ ಹೊಟ್ಟು ಒಣಗಿರಬೇಕು. ಕಾವಲಿನ ವಿಷಯದಲ್ಲಿ ಒಂದು ಮಾತು: ಆರು ಮೂಲೆಯ ಕಣ್ಣುಗಳ ತೆಳುವಾದ ಕೋಳಿಬಲೆ ಕೋಳಿಯನ್ನು ಒಳಗೆ ಇಟ್ಟುಕೊಳ್ಳುತ್ತದೆಯೇ ಹೊರತು ನಾಯಿ, ಮುಂಗುಸಿಯಂಥ ಪ್ರಾಣಿಗಳನ್ನು ಹೊರಗೆ ತಡೆಯುವುದಿಲ್ಲ. ಗೂಡಿಗೆ ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿಯನ್ನೇ ಹಾಕಿ, ಕೆಳ ಅಂಚನ್ನು ಒಂದಡಿಯಷ್ಟು ಮಣ್ಣಿನೊಳಗೆ ಹೂಳಿ.

ಮೇವು ನಿಮ್ಮಂಥ ಬೆರೆತ ಹಿಂಡಿನಲ್ಲಿ ಸುಲಭವಾಗಿ ಕಣ್ತಪ್ಪುವ ಸಂಗತಿ. ಮೊಟ್ಟೆಯಿಡುವ ಕೋಳಿಗಳಿಗೆಂದು ಸಿಗುವ ಲೇಯರ್ ಮೇವಿನಲ್ಲಿ ಸುಮಾರು ಶೇಕಡಾ 16ರಷ್ಟು ಪ್ರೋಟೀನ್ ಜೊತೆಗೆ ಚಿಪ್ಪು ಕಟ್ಟುವುದಕ್ಕಾಗಿ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಇನ್ನೂ ಮೊಟ್ಟೆಯಿಡದ ಎಳೆಯ ಕೋಳಿ ಇದನ್ನೇ ವಾರಗಟ್ಟಲೆ ತಿಂದರೆ ಹೊರಹಾಕಲಾಗದ ಆ ಕ್ಯಾಲ್ಸಿಯಂ ಅದರ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ, ಅದೂ ಹೊರಗೆ ಏನೂ ಕಾಣದ ಹಾಗೆ. ಎರಡು ಗುಂಪಿಗೆ ಎರಡು ಬಗೆಯ ಮೇವು ಹಾಕುತ್ತೇನೆಂದರೆ ಅವು ಒಂದರ ಪಾತ್ರೆಗೆ ಇನ್ನೊಂದು ಬಾಯಿ ಹಾಕದೆ ಬಿಡುವುದಿಲ್ಲ. ಆದ್ದರಿಂದ ಎಳೆಯವು ಮೊಟ್ಟೆಯಿಡಲು ತೊಡಗುವವರೆಗೆ ಎಲ್ಲವಕ್ಕೂ ಬೆಳೆಯುವ ಕೋಳಿಗಳಿಗೆಂದು ಸಿಗುವ ಗ್ರೋವರ್ ಮೇವನ್ನೇ ಕೊಟ್ಟು, ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಟ್ಟುಬಿಡಿ. ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟು ಕ್ಯಾಲ್ಸಿಯಮ್ಮನ್ನು ತಾನೇ ಹುಡುಕಿ ತಿನ್ನುತ್ತದೆ, ಎಳೆಯವು ಅದರ ಗೋಜಿಗೆ ಹೋಗುವುದು ಕಡಿಮೆ. ಹಕ್ಕಿಯ ದೇಹದ ಈ ವಿವೇಕವನ್ನು ಕಣ್ಣಾರೆ ನೋಡುವುದು ಕೋಳಿ ಸಾಕುವವರಿಗೆ ಸಿಗುವ ನಿಜವಾದ ಸಂತೋಷಗಳಲ್ಲಿ ಒಂದು. ದೊಡ್ಡ ಕೋಳಿಯೊಂದಕ್ಕೆ ದಿನಕ್ಕೆ 110ರಿಂದ 120 ಗ್ರಾಂ ಮೇವು ಬೇಕಾಗುತ್ತದೆ, ನೀರು ಅದರ ಎರಡರಷ್ಟು. ಬೆವರುಗ್ರಂಥಿಗಳಿಲ್ಲದ ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪಾಗಿಸಿಕೊಳ್ಳಬೇಕಾದ್ದರಿಂದ ಬೇಸಿಗೆಯಲ್ಲಿ ಇನ್ನೂ ಹೆಚ್ಚು ನೀರು ಬೇಕು. ಮಿತವ್ಯಯಕ್ಕೆಂದು ಬೂಷ್ಟು ಹಿಡಿದ ಕಾಳನ್ನು ಕೊಡಬೇಡಿ. ಅದರಲ್ಲಿರುವ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುವ ವಿಷ.

ಮೊಟ್ಟೆಯ ಬಗೆಗಿನ ನಿಮ್ಮ ನಿರೀಕ್ಷೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕಾಗಬಹುದು. ಎಳೆಯ ಹೇಂಟೆಗಳು ತಳಿಗೆ ತಕ್ಕಂತೆ ಹದಿನೆಂಟರಿಂದ ಇಪ್ಪತ್ತನಾಲ್ಕು ವಾರಗಳ ನಡುವೆ, ಕೆಲವು ತಳಿಗಳಲ್ಲಿ ಇನ್ನೂ ತಡವಾಗಿ, ಮೊದಲ ಮೊಟ್ಟೆಯಿಡುತ್ತವೆ. ಹಳೆಯವು ವರ್ಷಕ್ಕೊಮ್ಮೆ ಪುಕ್ಕ ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುವ ಕಾಲದಲ್ಲಿ ಮೊಟ್ಟೆ ನಿಲ್ಲಿಸುತ್ತವೆ. ಹಗಲು ಚಿಕ್ಕದಾದಾಗಲೂ ಕಡಿಮೆ ಮಾಡುತ್ತವೆ, ಏಕೆಂದರೆ ತುಂಬು ಮೊಟ್ಟೆಗೆ ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆಗಳ ಬೆಳಕು ಬೇಕು. ಜಗಳದ ಈ ವಾರಗಳಲ್ಲಿ ಇರುವ ಮೊಟ್ಟೆಯೂ ನಿಂತುಹೋದರೆ ಗಾಬರಿಯಾಗಬೇಡಿ.

ಮುಂದೆ ಮತ್ತೆ ಸಂಖ್ಯೆ ಹೆಚ್ಚಿಸುವ ಮನಸ್ಸಾದರೆ ಕೊಂಡು ತರುವುದಕ್ಕಿಂತ ಚೆನ್ನಾದ ದಾರಿಯೊಂದಿದೆ. ನಿಮ್ಮ ಹೇಂಟೆಗಳಲ್ಲಿ ಒಂದು ಕಾವಿಗೆ ಕೂತರೆ, ಅಂದರೆ ಮೊಟ್ಟೆಪೆಟ್ಟಿಗೆ ಬಿಟ್ಟು ಏಳದೆ, ಕೈ ಹಾಕಿದರೆ ಪುಕ್ಕ ಕೆದರಿ ಗುರುಗುಟ್ಟತೊಡಗಿದರೆ, ಅದನ್ನು ಬೇರೆ ಶಾಂತವಾದ ಗೂಡಿಗೆ ಸೇರಿಸಿ ಫಲಿತ ಮೊಟ್ಟೆಗಳನ್ನು, ಅಂದರೆ ಹುಂಜದೊಂದಿಗೆ ಕೂಡಿದ ಹೇಂಟೆಗಳ ಮೊಟ್ಟೆಗಳನ್ನು, ಅದರಡಿಯಲ್ಲಿಡಿ. 21ನೆಯ ದಿನದ ಹೊತ್ತಿಗೆ ಮರಿಗಳಾಗುತ್ತವೆ. ಒಡೆಯುವುದಕ್ಕೆ ಮುಂಚೆಯೇ ಮರಿ ಚಿಪ್ಪಿನೊಳಗಿಂದ ಕೂಗುತ್ತದೆ, ತಾಯಿ ಹೊರಗಿನಿಂದ ಸಣ್ಣ ದನಿಯಲ್ಲಿ ಉತ್ತರಿಸುತ್ತದೆ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಭಾಗ ಎರಡು ದಿನಗಳಿಗೆ ಆಹಾರವಾಗಿ ಒದಗುವುದರಿಂದ ಮೊದಲು ಹೊರಬಂದ ಮರಿಗಳು ತಡವಾದವುಗಳಿಗಾಗಿ ತಾಯಿಯ ರೆಕ್ಕೆಯಡಿಯಲ್ಲಿ ಕಾಯಬಲ್ಲವು. ಆಮೇಲೆ ತಾಯಿ ಕಾಳನ್ನು ಎತ್ತಿ ಕೆಳಗೆ ಹಾಕಿ ಕರೆದು ತೋರಿಸುವುದನ್ನು, ಹತ್ತಿರ ಬಂದ ಹಿರಿಯ ಹೇಂಟೆಯನ್ನು ಅಟ್ಟುವುದನ್ನು ನೀವು ಗಂಟೆಗಟ್ಟಲೆ ನೋಡುತ್ತಾ ಕುಳಿತರೂ ಅದು ವ್ಯರ್ಥವಲ್ಲ. ತಾಯಿಯ ಕಾವಲಿನಲ್ಲಿ ಹಿಂಡಿನ ನಡುವೆಯೇ ಬೆಳೆದ ಮರಿಗಳನ್ನು ಜಾಲರಿ ಕಟ್ಟಿ ಪರಿಚಯಿಸಬೇಕಾಗಿ ಬರುವುದು ಅಪರೂಪ. ಯಂತ್ರದಲ್ಲಿ ಮರಿ ಮಾಡಿಸಿದರೆ ಈ ಕೆಲಸವೆಲ್ಲ ನಿಮ್ಮ ಪಾಲಿಗೆ ಬರುತ್ತದೆ: ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್‌ನ ಬಿಸಿ, ಬಳಿಕ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತಾ ಪುಕ್ಕ ಬಲಿಯುವ ತನಕ ಕಾಯ್ದುಕೊಳ್ಳಬೇಕು.

ಮರಿ ಮಾಡಿಸುವ ಮೊದಲು ಒಂದನ್ನು ನಿರ್ಧರಿಸಿಕೊಳ್ಳಿ. ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳಾಗಿರುತ್ತವೆ, ಆದರೆ ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಹೆಚ್ಚಾದರೆ ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತುಹೋಗಿ ಗಾಯವಾಗುತ್ತದೆ, ಹುಂಜಗಳು ಪರಸ್ಪರ ಕಾದಾಡುತ್ತವೆ, ನಸುಕಿನ ಕೂಗಿನಿಂದ ನೆರೆಹೊರೆಯವರಿಗೂ ತೊಂದರೆ. ಮಿಕ್ಕ ಹುಂಜಗಳನ್ನು ಏನು ಮಾಡುತ್ತೀರಿ, ಮೊಟ್ಟೆ ನಿಂತ ಮೇಲೂ ವರ್ಷಗಟ್ಟಲೆ ಬದುಕುವ ಹೇಂಟೆಗಳನ್ನು ಉಳಿಸಿಕೊಳ್ಳುತ್ತೀರಾ ಎಂಬುದಕ್ಕೆ ಮನೆಯವರೆಲ್ಲ ಒಪ್ಪುವ ಉತ್ತರ ಮೊದಲೇ ಇರಲಿ. ಸದ್ಯಕ್ಕೆ ನೀವು ಈ ಹನ್ನೊಂದರಲ್ಲೇ ನಿಲ್ಲುವುದು ಸರಿ. ಈಗ ಕಟ್ಟುವ ಜಾಲರಿಯ ಭಾಗವನ್ನು ಕೋಳಿಗಳು ಒಂದಾದ ಮೇಲೂ ಕಿತ್ತುಹಾಕದೆ ಹಾಗೆಯೇ ಇರಿಸಿಕೊಳ್ಳಿ. ಕಾವಿಗೆ ಕೂತ ಹೇಂಟೆಗೆ, ಗಾಯವಾದ ಕೋಳಿಗೆ, ಅತಿಯಾಗಿ ಪೀಡಿಸುವ ಜೋರಿನ ಹೇಂಟೆಯನ್ನು ಮೂರು ನಾಲ್ಕು ದಿನ ದೂರವಿಡುವುದಕ್ಕೆ ಅದು ಮತ್ತೆ ಮತ್ತೆ ಬೇಕಾಗುತ್ತದೆ.