ಕಾಂದ್: ಎರಡು ನದಿ, ಒಂದು ಕಿಟಕಿ

ನಕ್ಷೆಯಲ್ಲಿ ಮೊದಲು ಫ್ರಾನ್ಸಿನ ತೂರ್ ನಗರವನ್ನು ಹುಡುಕಿ. ಅಲ್ಲಿಂದ ಲ್ವಾರ್ ನದಿಯ ಗುಂಟ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ಬೆರಳು ಸರಿಸಿದರೆ, ಎಡದಂಡೆಗೆ ವಿಯೆನ್ ನದಿ ಬಂದು ಸೇರುತ್ತದೆ. ಆ ಮೂಲೆಯಲ್ಲಿರುವ ಪುಟ್ಟ ಹಳ್ಳಿಯೇ ಕಾಂದ್-ಸ್ಯಾಂ-ಮಾರ್ತ್ಯಾಂ. ಜನಸಂಖ್ಯೆ 200ರ ಆಸುಪಾಸು. ಹೆಸರಿನ ಮೊದಲ ತುಂಡು ಇಲ್ಲಿನ ಪ್ರಾಚೀನ ನಿವಾಸಿಗಳಾದ ಗಾಲ್ ಜನರ ‘ಕೊಂದಾತೆ’ ಎಂಬ ಪದದ್ದು. ಅರ್ಥ, ನದಿಗಳ ಕೂಡಲು. ಕೂಡಲಸಂಗಮ ಗೊತ್ತಿದ್ದವರು ಇದನ್ನು ಮರೆಯಲಾರರು. ಎರಡನೇ ತುಂಡೆಂದರೆ ಸಂತ ಮಾರ್ಟಿನ್. ಅದರ ಹಿಂದೆ ಒಂದು ಶವಕ್ಕಾಗಿ ನಡೆದ ಜಗಳವಿದೆ.

ಮಾರ್ಟಿನ್ ತೂರ್‌ನ ಬಿಷಪ್. ಸೈನಿಕನಾಗಿದ್ದಾಗ ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲುಹೊದಿಕೆ ಸೀಳಿ ಅರ್ಧ ಕೊಟ್ಟನೆಂಬ ಕಥೆ ಇವನದೇ. (ಆ ಹೊದಿಕೆಯ ಲ್ಯಾಟಿನ್ ಹೆಸರಿನಿಂದಲೇ ‘ಚಾಪೆಲ್’ ಪದ ಹುಟ್ಟಿತು.) 397ರಲ್ಲಿ ಕಾಂದ್‌ನ ಪಾದ್ರಿಗಳು ತಮ್ಮತಮ್ಮಲ್ಲೇ ಕಿತ್ತಾಡಿಕೊಂಡಾಗ ರಾಜಿ ಮಾಡಿಸಲು ಈ ಮುದುಕ ಬಂದ. ರಾಜಿಯೇನೋ ಆಯಿತು, ವಾಪಸು ಹೋಗಲು ಮೈಯಲ್ಲಿ ಕಸುವು ಉಳಿಯಲಿಲ್ಲ. ನವೆಂಬರ್ 8ರಂದು ಇಲ್ಲೇ ತೀರಿಕೊಂಡ.

ಸುದ್ದಿ ಮುಟ್ಟಿದ್ದೇ ತಡ, ಪ್ವಾತಿಯೆ ಊರಿನವರೂ ತೂರ್‌ನವರೂ ಓಡಿ ಬಂದರು. ‘ಇವನು ಮೊದಲು ಸನ್ಯಾಸಿಯಾಗಿದ್ದದ್ದು ನಮ್ಮಲ್ಲಿ, ನಮಗೆ ಕೊಡಿ’ ಎಂದು ಪ್ವಾತಿಯೆಯವರು. ‘ಬಿಷಪ್ ಆದ ಊರಲ್ಲೇ ಮಣ್ಣಾಗಬೇಕು’ ಎಂದು ತೂರ್‌ನವರು. ಬೀಗ ಹಾಕಿದ ಕೋಣೆಯಲ್ಲಿ ಶವ, ಎರಡೂ ಕಡೆಯವರ ಕಾವಲು. ನಡುರಾತ್ರಿ ಪ್ವಾತಿಯೆಯವರು ನಿದ್ದೆಹೋದರು. ತೂರ್‌ನವರು ಶವವನ್ನು ಕಿಟಕಿಯಿಂದ ಹೊರಗಿಳಿಸಿ ದೋಣಿಗೆ ಹಾಕಿಕೊಂಡು ಹೊರಟೇಬಿಟ್ಟರು. ಇಲ್ಲಿ ಅಂಚಿನಲ್ಲೊಂದು ಗುರುತು ಹಾಕಿಕೊಳ್ಳಿ: ಇದನ್ನು ಬರೆದಿಟ್ಟ ಗ್ರೆಗರಿ ಬದುಕಿದ್ದು ಸುಮಾರು 200 ವರ್ಷ ತಡವಾಗಿ, ಅದೂ ತೂರ್‌ನ ಬಿಷಪ್ ಆಗಿ. ಕಳ್ಳತನ ದೇವರ ಇಚ್ಛೆಯಂತೆ ಕಾಣುವುದು ಅದಕ್ಕೇ. ಪ್ವಾತಿಯೆಯವನು ಬರೆದಿದ್ದರೆ ನಿದ್ದೆಯ ಮಾತು ಬರುತ್ತಿತ್ತೋ ಇಲ್ಲವೋ.

ಕಾಂದ್‌ನಿಂದ ತೂರ್‌ಗೆ ಹೋಗುವುದೆಂದರೆ ಹೊಳೆಯ ಸೆಳೆತಕ್ಕೆ ಎದುರಾಗಿ ಹೋಗುವುದು. ಲ್ವಾರ್ ಇಲ್ಲಿ ಪಶ್ಚಿಮಕ್ಕೆ ಹರಿಯುತ್ತದೆ, ಗಾಳಿ ಹೆಚ್ಚಾಗಿ ಸಮುದ್ರದ ಕಡೆಯಿಂದ ಪೂರ್ವಕ್ಕೆ ಬೀಸುತ್ತದೆ. ಮುಂದಿನ ಶತಮಾನಗಳ ಚಪ್ಪಟೆ ತಳದ ಸರಕುದೋಣಿಗಳು ದೊಡ್ಡ ಚೌಕ ಹಾಯಿ ಬಿಚ್ಚಿ ಮೇಲಕ್ಕೆ ಹೋಗುತ್ತಿದ್ದದ್ದು ಈ ಗಾಳಿಯ ಬಲದಿಂದಲೇ. ತಳ ಚಪ್ಪಟೆ ಇರದಿದ್ದರೆ ಮರಳದಿಬ್ಬಗಳಿಗೆ ಸಿಕ್ಕಿಬೀಳುತ್ತಿದ್ದವು. 1846ರಲ್ಲಿ ತೂರ್‌ಗೆ ರೈಲು ಬಂತು. ಹೊಳೆಯ ವ್ಯಾಪಾರ ಬಹಳ ದಿನ ಬಾಳಲಿಲ್ಲ.

ನವೆಂಬರ್ 11ರಂದು ತೂರ್‌ನಲ್ಲಿ ಮಾರ್ಟಿನ್‌ನ ಸಮಾಧಿಯಾಯಿತು. ದೋಣಿ ಹೋದ ದಾರಿಯುದ್ದಕ್ಕೂ ದಂಡೆಯ ಗಿಡಗಳು ಚಳಿಗಾಲದ ಹೊಸ್ತಿಲಲ್ಲೇ ಹೂಬಿಟ್ಟವೆಂದು ಐತಿಹ್ಯ. ನವೆಂಬರ್‌ನ ಅಕಾಲದ ಬಿಸಿಲನ್ನು ಫ್ರೆಂಚರು ಈಗಲೂ ‘ಸಂತ ಮಾರ್ಟಿನ್‌ನ ಬೇಸಿಗೆ’ ಎನ್ನುತ್ತಾರೆ.

ಶವ ಕಳಕೊಂಡ ಹಳ್ಳಿ 12-13ನೇ ಶತಮಾನದಲ್ಲಿ ಊರಿಗೇ ದೊಡ್ಡದೆನಿಸುವ ಇಗರ್ಜಿ ಕಟ್ಟಿಸಿಕೊಂಡಿತು. ಕಲ್ಲು ಈ ಸೀಮೆಯ ‘ತುಫೊ’, ಬಿಳಿಯ ಮೆದು ಸುಣ್ಣಕಲ್ಲು. ಸುಲಭವಾಗಿ ಉಳಿಗೆ ಬಗ್ಗುತ್ತದೆ, ಅಷ್ಟೇ ಸುಲಭವಾಗಿ ಮಳೆಗಾಳಿಗೆ ಸವೆಯುತ್ತದೆ. ಉತ್ತರದ ಮುಖಮಂಟಪದಲ್ಲಿ ನಿಂತು ತಲೆ ಎತ್ತಿ: ಚಾವಣಿಯ ಕಮಾನುಗಳೆಲ್ಲ ನಡುವಿನ ಒಂದೇ ಸಪೂರ ಕಂಬದಿಂದ ಕೊಡೆಯ ಕಡ್ಡಿಗಳಂತೆ ಹರಡಿಕೊಂಡಿವೆ. ಮೇಲಿನ ಕೋಟೆತೆನೆಗಳು 15ನೇ ಶತಮಾನದ ಸೇರ್ಪಡೆ. ಹೊರಗಿನಿಂದ ನೋಡಿದರೆ ಇದು ದೇವಾಲಯವೋ ಕೋಟೆಯೋ ಎಂಬ ಅನುಮಾನ ಬರುವುದು ಅವುಗಳಿಂದಲೇ.

ಒಳಗಿನ ಬಣ್ಣದ ಗಾಜಿನ ಚಿತ್ರವೊಂದನ್ನು ತಪ್ಪಿಸಬೇಡಿ. ಶವವನ್ನು ಕಿಟಕಿಯಿಂದ ಇಳಿಸುತ್ತಿರುವ ತೂರ್‌ನವರು ಅದರಲ್ಲಿದ್ದಾರೆ. ತಮ್ಮ ಊರಲ್ಲಾದ ಕಳ್ಳತನವನ್ನು ಕಾಂದ್‌ನವರು ಕಿಟಕಿಯ ಮೇಲೆಯೇ ಬರೆಸಿಕೊಂಡಿದ್ದಾರೆ.